ಅವರಿಗೆ ಒಂದಕ್ಷರಕ್ಕೂ ಕಾನೂನು, ನಮಗೆ ನಲವತ್ತೊಂಬತ್ತಕ್ಕೂ ಗತಿಯಿಲ್ಲ!

ಒಂದು ಕಂಪ್ಯೂಟರಿನ ಮುಚ್ಚಳ ಬಿಚ್ಚಿದರೆ ಒಳಗೊಂದು ಪುಟ್ಟ ಬೋರ್ಡು. ಬೋರ್ಡಿನ ಮೇಲೆ 8 ಕಿಲೋಬೈಟಿನ ಮೆಮೊರಿ ಚಿಪ್. ಚಿಪ್ ಏನೋ ಅಸಲಿಯೇ. ಆದರೆ ಅದಕ್ಕೂ ಕಂಪ್ಯೂಟರಿಗೂ ವಿದ್ಯುತ್ ಸಂಬಂಧವೇ ಇಲ್ಲ! ಅದರಲ್ಲಿ ಒಂದಕ್ಷರ ಬರೆಯಲೂ ಆಗದು, ಓದಲೂ ಆಗದು. ಚುನಾವಣಾ ಸಭೆಗೆ ಲಾರಿಯಲ್ಲಿ ತುಂಬಿ ತಂದ ಜನರ ಹಾಗೆ, ತಲೆ ಲೆಕ್ಕಕ್ಕೆ ಮಾತ್ರ.

ಇದು ಕಟ್ಟುಕತೆಯಲ್ಲ. 1985ರಲ್ಲಿ ಸ್ಪೇನ್ ದೇಶದಲ್ಲಿ ಮಾರಾಟಕ್ಕೆ ಬಂದ ಆಮ್‌ಸ್ಟ್ರಾಡ್ ಸಿಪಿಸಿ 472 ಎಂಬ ಮನೆಬಳಕೆಯ ಕಂಪ್ಯೂಟರಿನ ಕತೆ. 'ನಲವತ್ತು ವರ್ಷ ಹಳೆಯ ಡಬ್ಬಿ ಕಟ್ಟಿಕೊಂಡು ನಮಗೇನಾಗಬೇಕು?' ಎಂದು ಮೂಗು ಮುರಿಯಬೇಡಿ ಗೆಳೆಯರೇ. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನೊಳಗೆ ಕನ್ನಡ ಯಾಕೆ ಕುಂಟುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಆ ಡಬ್ಬಿಯಲ್ಲೇ ಇದೆ.

1985ರಲ್ಲಿ ಸ್ಪೇನ್ ಸರ್ಕಾರ ಎರಡು ಆಜ್ಞೆ ಹೊರಡಿಸಿತು. 64 ಕಿಲೋಬೈಟ್ ಅಥವಾ ಅದಕ್ಕಿಂತ ಕಡಿಮೆ ಮೆಮೊರಿಯ ಕಂಪ್ಯೂಟರು ಆಮದಾದರೆ 15,000 ಪೆಸೆಟಾ ತೆರಿಗೆ ಎಂಬುದು ಒಂದು. ತನ್ನ ನೆಲದಲ್ಲಿ ಮಾರುವ ಪ್ರತಿ ಕಂಪ್ಯೂಟರಿಗೂ ಸ್ಪ್ಯಾನಿಷ್ ಕೀಲಿಮಣೆ ಇರಲೇಬೇಕು ಎಂಬುದು ಇನ್ನೊಂದು.

ಸ್ಪ್ಯಾನಿಷ್‌ಗೂ ಇಂಗ್ಲಿಷಿಗೂ ಲಿಪಿ ಹೆಚ್ಚು ಕಡಿಮೆ ಒಂದೇ. ಇಂಗ್ಲಿಷ್ ಕೀಲಿಮಣೆಯಲ್ಲಿ ಅವರಿಗೆ ಮುಖ್ಯವಾಗಿ ಇಲ್ಲದ್ದು 'ಎನ್ಯೆ' ಎಂಬ ಒಂದೇ ಅಕ್ಷರ. ಇಂಗ್ಲಿಷಿನ ಎನ್ ಅಕ್ಷರದ ನೆತ್ತಿಯ ಮೇಲೆ ಒಂದು ಡೊಂಕು ಗೆರೆ, ಅಷ್ಟೇ. ನಮ್ಮ ಕಡೆಯ ದೊಡ್ಡಮನುಷ್ಯರಾಗಿದ್ದರೆ 'ಅಡ್ಜಸ್ಟ್ ಮಾಡ್ಕೊಳ್ಳಿ ಸ್ವಾಮಿ, ಎನ್ ಅಂತಲೇ ಹೊಡೆದರೆ ಅರ್ಥ ಆಗಲ್ವೇ?' ಎನ್ನುತ್ತಿದ್ದರು. ಸ್ಪೇನಿನವರು ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ. ಯಾಕೆಂದರೆ ಅವರ ದೇಶದ ಹೆಸರು, ಎಸ್ಪಾನ್ಯ, ಅದರಲ್ಲೇ ಆ ಅಕ್ಷರವಿದೆ. 'ವರ್ಷ' ಎಂಬ ಪದದ ನೆತ್ತಿಯ ಗೆರೆ ಅಳಿಸಿದರೆ ಅದು ಗುದದ್ವಾರವಾಗುತ್ತದೆ. ಹೊಸ ವರ್ಷದ ಶುಭಾಶಯ ಕೋರಲು ಹೋಗಿ ಏನಾಗಬಹುದು, ನೀವೇ ಊಹಿಸಿಕೊಳ್ಳಿ!

ಬ್ರಿಟನ್ನಿನ ಆಮ್‌ಸ್ಟ್ರಾಡ್ ಕಂಪನಿಯ ಸಿಪಿಸಿ 464ರಲ್ಲಿ ಇದ್ದದ್ದು ಸರಿಯಾಗಿ 64 ಕಿಲೋಬೈಟ್. ತೆರಿಗೆಯ ಗೆರೆಯ ಮೇಲೆಯೇ ಕೂತಿತ್ತು. ಸ್ಪೇನಿನಲ್ಲಿ ಅದರ ವಿತರಕರಾಗಿದ್ದ ಇಂಡೆಸ್ಕಾಂಪ್‌ನವರು ತಲೆ ಓಡಿಸಿದರು. ಒಳಗೆ 8 ಕಿಲೋಬೈಟಿನ ಇನ್ನೊಂದು ಚಿಪ್ ಕೂರಿಸಿ, ಒಟ್ಟು 72 ಎಂದು ಲೆಕ್ಕ ಬರೆದು, ಪೆಟ್ಟಿಗೆಗೆ 472 ಎಂದು ಹೆಸರಿಟ್ಟರು. ಚಿಪ್ ಕೆಲಸ ಮಾಡಬೇಕು ಎಂದು ಕಾನೂನು ಹೇಳಿತ್ತೇ? ಇಲ್ಲ. ಇರಬೇಕು ಅಂದಿತ್ತು, ಇತ್ತು. ತೆರಿಗೆ ಉಳಿಯಿತು.

ಕೀಲಿಮಣೆಯ ವಿಷಯದಲ್ಲೂ ಕಳ್ಳಾಟ ನಡೆಯದೆ ಇರಲಿಲ್ಲ. ಕೆಲವು 472ಗಳು ಎನ್ಯೆ ಕೀಲಿ ಇಲ್ಲದೆಯೇ ತಯಾರಾದವು. ಆದರೆ ಅದು ಹೆಚ್ಚು ದಿನ ನಡೆಯಲಿಲ್ಲ. ಮೆಮೊರಿ ಚಿಪ್ ಒಳಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೀಲಿ ಹಾಗಲ್ಲ. ಗಿರಾಕಿ ಬೆರಳಿಟ್ಟು ಒತ್ತುತ್ತಾನೆ, ಅಕ್ಷರ ಮೂಡದಿದ್ದರೆ ಅಂಗಡಿಯವನ ಕೊರಳಪಟ್ಟಿ ಹಿಡಿಯುತ್ತಾನೆ. ಕೆಲವೇ ತಿಂಗಳಲ್ಲಿ ಸ್ಪೇನ್ ಯುರೋಪಿನ ಸಮುದಾಯಕ್ಕೆ ಸೇರಿ ಆ ತೆರಿಗೆ ರದ್ದಾಯಿತು. 472ರ ತಯಾರಿಕೆಯೂ ನಿಂತಿತು. ಆಮ್‌ಸ್ಟ್ರಾಡ್ ಮತ್ತೆ ತನ್ನ ಹಳೆಯ 464ಕ್ಕೆ ಮರಳಿತು, ಈ ಸಲ ಎನ್ಯೆ ಕೀಲಿಯ ಸಮೇತ. ಸುಳ್ಳು ಚಿಪ್ ಹೋಯಿತು, ನಿಜವಾದ ಕೀಲಿ ಉಳಿಯಿತು!

ಇನ್ನೊಂದು ತಮಾಷೆ ಕೇಳಿ. ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಸಾಹೇಬರ ಸ್ಪೆಕ್ಟ್ರಮ್ 128 ಎಂಬ ಕಂಪ್ಯೂಟರು ಮೊದಲು ಬಿಡುಗಡೆಯಾದದ್ದು ಲಂಡನ್ನಿನಲ್ಲಲ್ಲ, ಸ್ಪೇನಿನಲ್ಲಿ. 1985ರ ಸೆಪ್ಟೆಂಬರಿನಲ್ಲಿ. ಬ್ರಿಟನ್ನಿಗೆ ಬಂದದ್ದು 1986ರ ಆರಂಭದಲ್ಲಿ. ಅಲ್ಲಿ ಹಳೆಯ ಸ್ಪೆಕ್ಟ್ರಮ್‌ಗಳು ಗೋದಾಮಿನಲ್ಲಿ ಮಾರಾಟವಾಗದೆ ಬಿದ್ದಿದ್ದವು ಎಂಬುದೂ ಒಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸ್ಪೇನಿನ ತೆರಿಗೆ ತಪ್ಪಿಸಲು 64ಕ್ಕಿಂತ ಹೆಚ್ಚಿನ ಮೆಮೊರಿ ಬೇಕಿತ್ತು, ಸ್ಪೇನಿನ ಕಾನೂನಿಗೆ ತಲೆಬಾಗಲು ಸ್ಪ್ಯಾನಿಷ್ ಅಕ್ಷರ, ಸ್ಪ್ಯಾನಿಷ್ ಸಂದೇಶ ಬೇಕಿತ್ತು. ಅಲ್ಲಿನ ವಿತರಕ ಇನ್ವೆಸ್ಟ್ರೋನಿಕಾ ಜತೆಗೂಡಿಯೇ ಯಂತ್ರ ತಯಾರಾಯಿತು. ಇಂಗ್ಲಿಷರ ಯಂತ್ರ ಮೊದಲು ಸ್ಪ್ಯಾನಿಷ್ ಮಾತಾಡಿತು, ಇಂಗ್ಲಿಷ್ ಆಮೇಲೆ. ಕೇಳಲು ಎಷ್ಟು ಹಿತವಾಗಿದೆ ಅಲ್ಲವೇ?

ಎಂಟು ಬಿಟ್‌ನ ವಠಾರ

ಈಗ ಸ್ವಲ್ಪ ಯಂತ್ರದೊಳಕ್ಕೆ ಇಳಿಯೋಣ. ಇಳಿಯದಿದ್ದರೆ ನಮ್ಮನ್ನು 'ತಾಂತ್ರಿಕ ಅಡಚಣೆ' ಎಂಬ ಎರಡು ಪದದಲ್ಲಿ ಯಾರು ಬೇಕಾದರೂ ಯಾಮಾರಿಸುತ್ತಾರೆ.

ಆ ಕಾಲದ ಮನೆ ಕಂಪ್ಯೂಟರುಗಳ ಮಿದುಳು ಹೆಚ್ಚಾಗಿ ಎರಡೇ ಜಾತಿಯದು. 1975ರಲ್ಲಿ ಬಂದ 6502, 1976ರಲ್ಲಿ ಬಂದ ಝಡ್-80. ಎರಡೂ ಒಂದು ಸಲಕ್ಕೆ ಎಂಟು ಬಿಟ್ ಹೊರುವ ಕೂಲಿಗಳು. ಮೆಮೊರಿಯ ವಿಳಾಸ ಹೇಳಲು ಹದಿನಾರು ತಂತಿ. ಹದಿನಾರು ತಂತಿಯಲ್ಲಿ ಹೇಳಬಹುದಾದ ಮನೆ ನಂಬರು 65,536. ಅದೇ 64 ಕಿಲೋಬೈಟ್. ಅದಕ್ಕಿಂತ ಒಂದು ಮನೆ ಹೆಚ್ಚು ಕಟ್ಟಿದರೂ ಪೋಸ್ಟ್‌ಮ್ಯಾನ್ ಹುಡುಕಲಾರ.

1985ರ ಹೊತ್ತಿಗೆ ಮೆಮೊರಿ ಚಿಪ್ ಅಗ್ಗವಾಗಿತ್ತು. ಹದಿನಾರು ಬಿಟ್‌ನ ಹೊಸ ಯಂತ್ರಗಳು ಬಂದು ಬೆನ್ನಿಗೆ ನಿಂತಿದ್ದವು. ಹಳೆಯ ಎಂಟು ಬಿಟ್‌ನವರು ಮರ್ಯಾದೆ ಉಳಿಸಿಕೊಳ್ಳಲು 128 ಕಿಲೋಬೈಟ್ ತುಂಬಿದರು. ಮನೆ ನಂಬರು 65,536ಕ್ಕೇ ಮುಗಿಯುತ್ತದಲ್ಲ? ವಠಾರದ ಉಪಾಯ ಮಾಡಿದರು. ಸ್ಪೆಕ್ಟ್ರಮ್ 128ರಲ್ಲಿ ಹದಿನಾರು ಹದಿನಾರು ಕಿಲೋಬೈಟಿನ ಎಂಟು ಸಂಸಾರ. ಕೊನೆಯ ಕೋಣೆ ಒಂದೇ. ಒಂದು ಸಂಸಾರ ಹೊರಗೆ ಹೋದರೆ ಇನ್ನೊಂದು ಒಳಗೆ. ಬಾಗಿಲ ನಂಬರು ಅದೇ, ಬಾಡಿಗೆದಾರ ಬೇರೆ. ಅದರ ಬೇಸಿಕ್ ಭಾಷೆಗೆ ಈ ಹೆಚ್ಚುವರಿ ಕೋಣೆಗಳಲ್ಲಿ ನೇರವಾಗಿ ಸಂಸಾರ ಹೂಡಲು ಬರುತ್ತಿರಲಿಲ್ಲ. ಸಾಮಾನು ಪೇರಿಸುವ ಉಗ್ರಾಣದ ಹಾಗೆ ಮಾತ್ರ ಬಳಸಿಕೊಂಡಿತು.

ಅದೇ ಸ್ಪೆಕ್ಟ್ರಮ್‌ನಲ್ಲಿ ಬಳಸುವವನೇ ಸ್ವಂತ ಅಕ್ಷರ ಬರೆದುಕೊಳ್ಳಲು 1982ರ ಮೂಲ ಮಾದರಿಯಿಂದಲೂ 21 ಖಾಲಿ ಜಾಗ ಇದ್ದವು. 128ರ ಬೇಸಿಕ್‌ಗೆ ಎರಡು ಹೊಸ ಆಜ್ಞೆ ಸೇರಿಸಬೇಕಾಯಿತು. ಜಾಗ ಎಲ್ಲಿಂದ? ಆ 21ರಲ್ಲೇ ಎರಡನ್ನು ಕಿತ್ತುಕೊಂಡರು. ಉಳಿದದ್ದು 19. ಗಮನಿಸಿ, ಇಂಗ್ಲಿಷಿನ ಅಕ್ಷರಮಾಲೆಯ ಒಂದು ಬಿಂದುವನ್ನೂ ಮುಟ್ಟಲಿಲ್ಲ. ಜಾಗ ಕಡಿಮೆ ಬಿದ್ದಾಗ ಮೊದಲು ಹೋಗುವುದು ಕೇಳುವವರಿಲ್ಲದ ಅಕ್ಷರದ ಜಾಗ. ಕಂಪನಿಯ ಎಂಜಿನಿಯರಿಗೆ ಯಾವ ಭಾಷೆಯ ಮೇಲೂ ದ್ವೇಷವಿರಲಿಲ್ಲ. ಅವನ ಮೇಜಿನ ಮುಂದೆ ನಿಂತು ಕೇಳಿದವರ ಬೇಡಿಕೆ ನಡೆಯಿತು, ಕೇಳದವರದ್ದು ಕತ್ತರಿಗೆ ಸಿಕ್ಕಿತು. ಅಷ್ಟೇ ಕತೆ.

ಅದೇ 1985ರಲ್ಲಿ ಅಮೆರಿಕದಿಂದ ಬಂದ ಕಮೋಡೋರ್ 128 ಇನ್ನೂ ಸ್ವಾರಸ್ಯದ ಪ್ರಾಣಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಮಿದುಳು, ಮೂರು ವೇಷ. 6502ರ ವಂಶದ 8502 ಒಂದು, ಝಡ್-80 ಇನ್ನೊಂದು. ಹಳೆಯ ಕಮೋಡೋರ್ 64ರ ಎಲ್ಲ ಆಟವೂ ನಡೆಯಬೇಕು, ಆಫೀಸಿನವರ ಸಿಪಿ/ಎಂ ತಂತ್ರಾಂಶವೂ ನಡೆಯಬೇಕು, ಹೊಸ 128ರ ಹೊಸ ಸೌಕರ್ಯವೂ ಇರಬೇಕು. ಎಲ್ಲರನ್ನೂ ಮೆಚ್ಚಿಸಲು ಹೋದ ಬಿಲ್ ಹರ್ಡ್ ಮತ್ತವರ ತಂಡ ನಿಜಕ್ಕೂ ಅದನ್ನು ಸಾಧಿಸಿತು, ಬೆಲೆ ತೆತ್ತು. ಝಡ್-80 ಇತ್ತು, ಆದರೆ ಅರ್ಧ ವೇಗದಲ್ಲಿ ತೆವಳುತ್ತಿತ್ತು. 8502ಅನ್ನು 2 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ನಲವತ್ತು ಅಕ್ಷರದ ಸಾಲಿನ ಪರದೆಯೇ ಕಪ್ಪಾಗುತ್ತಿತ್ತು. ಓಡಬೇಕಾದರೆ ಕಣ್ಣು ಮುಚ್ಚು!

ಆದರೆ ನಾನು ಹೇಳಬೇಕೆಂದಿರುವುದು ಅದಲ್ಲ. ಕಮೋಡೋರ್ 64ರ ವೇಷ ಎಷ್ಟು ಪರಿಪೂರ್ಣವಾಗಿತ್ತೆಂದರೆ, ತಂತ್ರಾಂಶ ಬರೆಯುವವರು 128ರ ಹೊಸ ವೇಷಕ್ಕೆಂದು ಬರೆಯುವ ಗೋಜಿಗೇ ಹೆಚ್ಚು ಹೋಗಲಿಲ್ಲ. 'ಹೇಗಿದ್ದರೂ 64ರ ಆಟ ನಡೆಯುತ್ತದಲ್ಲ, ಮತ್ಯಾಕೆ ಶ್ರಮ?' ಎಂದರು. ಹೊಸ ಮಿದುಳು, ಹೊಸ ಮೆಮೊರಿ, ಹೊಸ ಎಂಬತ್ತು ಅಕ್ಷರದ ಪರದೆ ಇವೆಲ್ಲ ಬಹುಪಾಲು ಮನೆಗಳಲ್ಲಿ ಮಲಗಿಯೇ ಮುಪ್ಪಾದವು.

ಈ ಮಾತು ಎಲ್ಲೋ ಕೇಳಿದಂತಿದೆಯಲ್ಲ? 'ಹೇಗಿದ್ದರೂ ಬೆಂಗಳೂರಿನವರಿಗೆ ಇಂಗ್ಲಿಷ್ ಬರುತ್ತದಲ್ಲ, ಮತ್ಯಾಕೆ ಕನ್ನಡ?' ಇಂಗ್ಲಿಷಿನ ವೇಷ ಸದಾ ಸಿದ್ಧವಾಗಿರುವ ಪೆಟ್ಟಿಗೆಯಲ್ಲಿ ಕನ್ನಡದ ವೇಷಕ್ಕೆ ತಂತ್ರಾಂಶ ಬರೆಯುವವನು ಯಾರು? ನಾವೇ ಇಂಗ್ಲಿಷಿನ ವೇಷದಲ್ಲಿ ಒತ್ತಿ ಒತ್ತಿ, 'ಕನ್ನಡ ಆಯ್ಕೆ ಯಾರೂ ಬಳಸುತ್ತಿಲ್ಲ' ಎಂಬ ಅಂಕಿಅಂಶವನ್ನು ಕಂಪನಿಗೆ ನಮ್ಮ ಕೈಯಾರೆ ಕೊಡುತ್ತಿದ್ದೇವೆ.

ಇದೇ ಕಮೋಡೋರ್ 128ರ ಜರ್ಮನ್ ಆವೃತ್ತಿ ನೋಡಿ. ಅಮೆರಿಕದ ಪೆಟ್ಟಿಗೆಯಲ್ಲಿ ಕ್ಯಾಪ್ಸ್ ಲಾಕ್ ಇದ್ದ ಜಾಗದಲ್ಲಿ ಜರ್ಮನರಿಗೆ ಬೇರೊಂದು ಕೀಲಿ. ಒತ್ತಿದರೆ ಇಡೀ ಅಕ್ಷರಮಾಲೆಯೇ ಬದಲಾಗಿ ಜರ್ಮನ್ ಅಕ್ಷರ ಬರುತ್ತಿತ್ತು. ಒಂದೇ ಕಂಪನಿ, ಒಂದೇ ವಿನ್ಯಾಸ. ಜರ್ಮನರು ಗಿರಾಕಿಗಳು, ಜರ್ಮನರ ಅಕ್ಷರ ಬಂತು.

'ನಮ್ಮ ಲಿಪಿ ಕಷ್ಟ ಸ್ವಾಮಿ'

ಈಗ ಪಂಡಿತರು ಎದ್ದು ನಿಲ್ಲುತ್ತಾರೆ. 'ಸ್ಪ್ಯಾನಿಷ್‌ಗೆ ಒಂದು ಗೆರೆ, ಜರ್ಮನ್‌ಗೆ ಎರಡು ಚುಕ್ಕಿ. ನಮ್ಮದು ಕಾಗುಣಿತ, ಒತ್ತಕ್ಷರ. ಆ ಬಡ ಎಂಟು ಬಿಟ್‌ನಲ್ಲಿ ಹೇಗೆ ಸಾಧ್ಯ?'

ಹಾಗಾದರೆ ಜಪಾನಿಗೆ ಹೋಗೋಣ. ಅವರ ಕಾಂಜಿ ಲಿಪಿಯ ಮುಂದೆ ನಮ್ಮ ಒತ್ತಕ್ಷರ ಮಕ್ಕಳಾಟ. 1978ರಲ್ಲೇ ಜಪಾನ್ ತನ್ನ ಅಕ್ಷರಗಳಿಗೆ ರಾಷ್ಟ್ರೀಯ ಮಾನಕ ಮಾಡಿಕೊಂಡಿತ್ತು. ಅದರ ಮೊದಲ ಹಂತದಲ್ಲೇ 2,965 ಕಾಂಜಿ. ಒಂದೊಂದಕ್ಕೂ ಅಡ್ಡ ಹದಿನಾರು, ಉದ್ದ ಹದಿನಾರು ಚುಕ್ಕಿಯ ಚೌಕ ಬೇಕು, ಅಂದರೆ 32 ಬೈಟ್. ಗುಣಿಸಿ ನೋಡಿ, 94,880 ಬೈಟ್. ಇಡೀ ಯಂತ್ರದ ವಿಳಾಸಗಳೇ 65,536! ಅಕ್ಷರಗಳೇ ವಠಾರಕ್ಕಿಂತ ದೊಡ್ಡವು.

ಅವರು 'ಆಗಲ್ಲ' ಅಂದರೇ? ಜಪಾನಿನ ಎಂಎಸ್‌ಎಕ್ಸ್ ಯಂತ್ರಗಳಲ್ಲಿ ಕಾಂಜಿಯನ್ನೆಲ್ಲ 128 ಕಿಲೋಬೈಟಿನ ಬೇರೊಂದು ರಾಮ್‌ಗೆ, ಅಂದರೆ ಬರೆಯಲಾಗದ, ಓದಲು ಮಾತ್ರ ಬರುವ ಚಿಪ್‌ಗೆ ತುಂಬಿದರು. ವಠಾರದೊಳಗೆ ಜಾಗ ಕೇಳಲಿಲ್ಲ, ಹೊರಗೆ ಕಿಟಕಿ ಇಟ್ಟರು. ಕಿಟಕಿಯಲ್ಲಿ ಅಕ್ಷರದ ನಂಬರು ಹೇಳಿದರೆ ಅದರ 32 ಬೈಟುಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು, ರೇಷನ್ ಅಂಗಡಿಯ ಸಾಲಿನ ಹಾಗೆ. ನಿಧಾನವೇ? ನಿಧಾನವೇ. ಖರ್ಚೇ? ಖರ್ಚೇ. ಮೊದಮೊದಲು ಅದು ಎಲ್ಲ ಪೆಟ್ಟಿಗೆಯಲ್ಲೂ ಇರಲಿಲ್ಲ. 1985ರ ಎಂಎಸ್‌ಎಕ್ಸ್ 2ರಲ್ಲಿ ಪರದೆಯ ಅಗಲ 512 ಚುಕ್ಕಿಗೆ ಏರಿತು, 1988ರ ಎಂಎಸ್‌ಎಕ್ಸ್ 2 ಪ್ಲಸ್ ಹೊತ್ತಿಗೆ ಕಾಂಜಿ ಯಂತ್ರದ ಭಾಗವೇ ಆಯಿತು. ಅವರು ವೇಗ ಬಿಟ್ಟುಕೊಟ್ಟರು, ದುಡ್ಡು ಬಿಟ್ಟುಕೊಟ್ಟರು, ಲಿಪಿ ಬಿಡಲಿಲ್ಲ.

ಕುವೈತಿನ ಅಲ್ ಆಲಮಿಯ ಕಂಪನಿಯವರು ಅದೇ ಎಂಎಸ್‌ಎಕ್ಸ್ ಯಂತ್ರವನ್ನು ಸಖರ್ ಎಂಬ ಹೆಸರಿನಲ್ಲಿ ಅರಬ್ಬಿಗೆ ಒಗ್ಗಿಸಿದರು. ಬಲದಿಂದ ಎಡಕ್ಕೆ ಓಡುವ, ಪದದಲ್ಲಿ ಕೂತ ಜಾಗಕ್ಕೆ ತಕ್ಕಂತೆ ರೂಪ ಬದಲಿಸುವ ಲಿಪಿ ಅದು! ಅದಕ್ಕೂ ಎಂಟು ಬಿಟ್ ಸಾಕಾಯಿತು.

ಈಗ ನಮ್ಮ ಲೆಕ್ಕ. ನಮ್ಮ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ನೆನಪಿವೆಯೇ? ಅವುಗಳಲ್ಲಿ ಇಡೀ ಕನ್ನಡ, ಅಕ್ಷರ, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವೂ ತುಂಡುತುಂಡಾಗಿ ಒಂದು ಬೈಟಿನ 256 ಸ್ಥಾನಗಳೊಳಗೇ ಕೂತಿದ್ದವು. ಚಂದವೋ ಇಲ್ಲವೋ, ಕನ್ನಡ ಓದಿಸಿಕೊಂಡಿತು, ಸಾವಿರಾರು ಪುಸ್ತಕ ಅಚ್ಚಾದವು. ಹಾಗಾದರೆ ಪೂರ್ತಿ 256 ಸ್ಥಾನವನ್ನೂ ಕನ್ನಡಕ್ಕೇ ಕೊಡೋಣ. ಒಂದೊಂದು ತುಂಡಿಗೂ ಜಪಾನಿಯರ ಹಾಗೆ 32 ಬೈಟ್. 256 ಗುಣಿಸು 32 ಎಷ್ಟು?

8,192. ಸರಿಯಾಗಿ 8 ಕಿಲೋಬೈಟ್!

ಸ್ಪೇನಿನಲ್ಲಿ ತೆರಿಗೆ ತಪ್ಪಿಸಲು ಸುಮ್ಮನೆ ಕೂರಿಸಿದ್ದರಲ್ಲ, ತಂತಿ ಜೋಡಿಸದ ಆ ಸತ್ತ ಚಿಪ್, ಅಷ್ಟೇ ಜಾಗದಲ್ಲಿ ನಮ್ಮ ಇಡೀ ಲಿಪಿ ಹಿಡಿಸುತ್ತಿತ್ತು. ತುಂಡುಗಳನ್ನು ಜೋಡಿಸಲು ಇನ್ನೊಂದಿಷ್ಟು ಪ್ರೋಗ್ರಾಮು ಬೇಕು, ಒಪ್ಪಿದೆ. ಅಗಲವಾದ ಅಕ್ಷರಕ್ಕೆ ಎರಡು ಚೌಕ ಬೇಕಾಗಬಹುದು, ಅದನ್ನೂ ಒಪ್ಪಿದೆ. ಸ್ಪೆಕ್ಟ್ರಮ್‌ನ 256ಕ್ಕೆ 192 ಚುಕ್ಕಿಯ ಪರದೆಯಲ್ಲಿ ಸಾಲಿಗೆ ಹದಿನಾರು ಅಕ್ಷರ, ಹನ್ನೆರಡೇ ಸಾಲು ಹಿಡಿಸುತ್ತಿತ್ತು. ಅದರಲ್ಲಿ ಕಚೇರಿಯ ಪತ್ರ ಬರೆಯಲಾಗದು ಎಂಬುದೂ ನಿಜ. ಆದರೆ ಆಮ್‌ಸ್ಟ್ರಾಡ್‌ನದೇ ಪಿಸಿಡಬ್ಲ್ಯು 8256 ಎಂಬ ಇನ್ನೊಂದು ಯಂತ್ರವಿತ್ತು. ಅದೂ 1985ರದೇ, ಅದೂ ಝಡ್-80ಯದೇ. ಬೆರಳಚ್ಚು ಯಂತ್ರದ ಬದಲಿಗೆ ಬಳಸಲೆಂದೇ ಪ್ರಿಂಟರಿನ ಜತೆ ಮಾರುತ್ತಿದ್ದ ಪೆಟ್ಟಿಗೆ. ಬಣ್ಣ ಇಲ್ಲ, ಬಣ್ಣ ಬಿಟ್ಟುಕೊಟ್ಟೇ 720ಕ್ಕೆ 256 ಚುಕ್ಕಿಯ ಪರದೆ ಕೊಟ್ಟಿದ್ದರು. ಹದಿನಾರರ ಚೌಕದಲ್ಲಿ ಸಾಲಿಗೆ 45 ತುಂಡು, 16 ಸಾಲು. ಕನ್ನಡದಲ್ಲಿ ತಹಸೀಲ್ದಾರರಿಗೆ ಅರ್ಜಿ ಬರೆಯಲು ಧಾರಾಳವಾಗಿ ಸಾಕು. ಅದರಲ್ಲಿ ಅಕ್ಷರಗಳನ್ನು ಚಿಪ್‌ನಲ್ಲಿ ಕೆತ್ತಿಯೂ ಇರಲಿಲ್ಲ. ಡಿಸ್ಕಿನಿಂದ ಬಂದು ಮೆಮೊರಿಯಲ್ಲಿ ಕೂರುತ್ತಿದ್ದವು, ಬದಲಿಸಬಹುದಿತ್ತು. 'ಆಗ ಸಾಧ್ಯವೇ ಇರಲಿಲ್ಲ' ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ನಮ್ಮಲ್ಲಿ ಆ ಪೆಟ್ಟಿಗೆಗಳು ಬಂದಾಗ

ಬರಲಿಲ್ಲವೆಂದಲ್ಲ. ಭಾರತ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. ಅದೂ 6502ರ ಎಂಟು ಬಿಟ್ ಯಂತ್ರವೇ. 1986ರಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ಸ್ಪೆಕ್ಟ್ರಮ್ ಪ್ಲಸ್ ಅನ್ನು ಇಲ್ಲೇ ಮಾರಿತು.

ಬಿಬಿಸಿ ಮೈಕ್ರೋದಲ್ಲಿ ಕಡಿಮೆ ಮೆಮೊರಿಯಲ್ಲಿ ಪರದೆ ತುಂಬ ಅಕ್ಷರ ತೋರಿಸಲು ಎಸ್‌ಎಎ 5050 ಎಂಬ ಚಿಪ್ ಇತ್ತು. ಟೆಲಿಟೆಕ್ಸ್ಟ್‌ಗಾಗಿ ಮಾಡಿದ್ದು. ಪರದೆಯಿಡೀ ಬರೆದರೂ ಒಂದೇ ಕಿಲೋಬೈಟ್ ಖರ್ಚು. ಅದಕ್ಕೆ ಬೆಲೆಯಾಗಿ ಅಕ್ಷರಗಳೆಲ್ಲ ಕಾರ್ಖಾನೆಯಲ್ಲೇ ಕೆತ್ತಿದವು, ಬದಲಿಸುವಂತಿಲ್ಲ. ಆದರೆ ಆ ಚಿಪ್‌ಗೆ ಅಣ್ಣತಮ್ಮಂದಿರಿದ್ದರು. 5051 ಜರ್ಮನ್‌ಗೆ, 5052 ಸ್ವೀಡಿಷ್‌ಗೆ, 5053 ಇಟಾಲಿಯನ್‌ಗೆ, 5056 ಹೀಬ್ರೂಗೆ, 5057 ರಷ್ಯನ್ನರ ಸಿರಿಲಿಕ್‌ಗೆ. ಒಂದು ಕರ್ನಾಟಕದ ಮುಂದೆ ಪುಟ್ಟದಾದ ಇಸ್ರೇಲಿನ ಭಾಷೆಗೆ ಚಿಪ್ ಇತ್ತು. ಭಾರತದ ಯಾವ ಭಾಷೆಗೂ ಇರಲಿಲ್ಲ. ಕನ್ನಡವನ್ನು ಆ ಪುಟ್ಟ ಚಿಪ್‌ನ 96 ಅಕ್ಷರದ ಚೌಕಟ್ಟಿಗೆ ಹಾಗೇ ತುರುಕಲಾಗುತ್ತಿರಲಿಲ್ಲ, ನಿಜ. ಅದೇ ಯಂತ್ರದ ಬೇರೆ ಚಿತ್ರ ವಿಧಾನಗಳಲ್ಲಿ ಸ್ವಂತ ಅಕ್ಷರ ಬರೆದುಕೊಳ್ಳುವ ದಾರಿ ಇತ್ತು. ದಾರಿ ಇದ್ದರೆ ಸಾಲದು, ನಡೆಸುವವರು ಬೇಕು.

ಇಲ್ಲಿ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡಿಗೆ ನಾಡೇ ಎದ್ದು ನಿಂತಿತು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೇಳಿದೆವು. ಅದಾದ ಎರಡೇ ವರ್ಷಕ್ಕೆ ಶಾಲೆಯ ಬಾಗಿಲಿಗೆ ಕಂಪ್ಯೂಟರು ಪೆಟ್ಟಿಗೆ ಬಂತು. ಅದರ ಕೀಲಿಮಣೆಯಲ್ಲಿ ಕನ್ನಡ ಎಲ್ಲಿ ಎಂದು ಕೇಳಲು ಚಳವಳಿ ಹುಟ್ಟಲಿಲ್ಲ. ಪಾಠಪುಸ್ತಕದ ಪುಟಪುಟ ನೋಡಿದವರು ನಾವು, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಲಿಲ್ಲ.

ಕನ್ನಡವೂ ಸೇರಿ ಭಾರತೀಯ ಲಿಪಿಗಳ ಇಸ್ಕಿ ಸಂಕೇತ ಭಾರತೀಯ ಮಾನಕವಾಗಿ ಬಂದದ್ದು 1991ರಲ್ಲಿ, ಎಂಟು ಬಿಟ್ ಯಂತ್ರಗಳು ಅಟ್ಟ ಹತ್ತುವ ಹೊತ್ತಿಗೆ. ಅದೂ ಎಂಟು ಬಿಟ್‌ನದೇ ರಾಜಿ. 256ರಲ್ಲಿ ಮೊದಲ 128 ಸ್ಥಾನ ಇಂಗ್ಲಿಷಿಗೆ ಮೀಸಲು, ಮಿಕ್ಕ ಅರ್ಧದಲ್ಲಿ ನಾಗರಿ, ಕನ್ನಡ, ತಮಿಳು, ಬಂಗಾಳಿ ಎಲ್ಲವೂ ಒಂದೇ ಪಟ್ಟಿಯಲ್ಲಿ. ಬುದ್ಧಿವಂತಿಕೆಯ ಕೆಲಸವೇ, ಅಲ್ಲವೆನ್ನುವುದಿಲ್ಲ. ಯೂನಿಕೋಡ್‌ನ ಕನ್ನಡವೂ ಅದೇ ಪಟ್ಟಿಯ ಜಾಡಿನಲ್ಲಿ ಹುಟ್ಟಿತು. ಇವತ್ತು ನೀವು 'ರ‍್ಯಾಲಿ' ಎಂದು ಬರೆಯಲು ಹೋಗಿ 'ರ್ಯಾಲಿ' ಎಂದು ಅರ್ಕಾವತ್ತು ಬಂದು ಪೇಚಾಡುತ್ತೀರಲ್ಲ, ನಡುವೆ ಕಣ್ಣಿಗೆ ಕಾಣದ ಒಂದು ಗುರುತು ತುರುಕಿದರೆ ಮಾತ್ರ ಸರಿಯಾಗುತ್ತದಲ್ಲ, ಅಂಥ ತೊಡಕುಗಳ ಬೇರು ಆ ಕಾಲದ ತೀರ್ಮಾನಗಳಲ್ಲಿದೆ. ಮಾನಕ ತಡವಾದದ್ದರಿಂದ ಒಬ್ಬೊಬ್ಬರು ಒಂದೊಂದು ಫಾಂಟು ಮಾಡಿದರು. ಒಬ್ಬರ ಕಡತ ಇನ್ನೊಬ್ಬರ ಯಂತ್ರದಲ್ಲಿ ತೆರೆದರೆ ಕಸದ ಬುಟ್ಟಿ ಸುರಿದಂತೆ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೇ ಕತೆ ಬರೆಯುವುದು ಬಿಟ್ಟು ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಬೇಕಾಯಿತು.

ಹೋಗಲಿ, ಈಗಲಾದರೂ ಕಾನೂನು ಬಂತೇ? ಬಂತು! 2016ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ಫೋನುಗಳ ಬಗ್ಗೆ ಆದೇಶ ಹೊರಡಿಸಿತು. 22 ಭಾಷೆಯ ಸಂದೇಶ ಓದುವಂತಿರಬೇಕು, ಸಂತೋಷ. ಬರೆಯಲು? ಇಂಗ್ಲಿಷ್ ಕಡ್ಡಾಯ, ಹಿಂದಿ ಕಡ್ಡಾಯ, ಅವೆರಡರ ಜತೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆ. ಆ 'ಇನ್ನೊಂದು' ಕನ್ನಡವೇ ಆಗಬೇಕೆಂದಿಲ್ಲ. ಹಾಸನದಲ್ಲಿ ಮಾರುವ ಫೋನಿಗೂ ಇಲ್ಲ, ಹಾವೇರಿಯಲ್ಲಿ ಮಾರುವ ಫೋನಿಗೂ ಇಲ್ಲ. ಕನ್ನಡ ಅನೇಕ ಫೋನಿನಲ್ಲಿ ಇದೆಯಲ್ಲ ಎನ್ನುತ್ತೀರಾ? ಇದೆ. ಕಂಪನಿ ಇಟ್ಟಿದ್ದಕ್ಕೆ ಇದೆ, ಕಾನೂನು ಕೇಳಿದ್ದಕ್ಕಲ್ಲ. ಸ್ಪೇನಿನ ಆಜ್ಞೆಯ ಪಕ್ಕದಲ್ಲಿ ಇದನ್ನಿಟ್ಟು ಓದಿ. ಅವರು ತಮ್ಮ ನೆಲದಲ್ಲಿ ಮಾರುವ ಯಂತ್ರಕ್ಕೆ ತಮ್ಮ ಕೀಲಿಮಣೆ ಕೇಳಿದರು, 'ಇನ್ನೊಂದು ಭಾಷೆ' ಎಂದು ಬಾಗಿಲು ತೆರೆದಿಡಲಿಲ್ಲ.

ಅವರದು ಒಂದೇ ದಿನದ ವೀರಾವೇಶವೂ ಆಗಿರಲಿಲ್ಲ. 1991ರಲ್ಲಿ ಯುರೋಪಿನ ಸಮುದಾಯ ಕ್ಯಾತೆ ತೆಗೆಯಿತು. ಈ ಕೀಲಿಮಣೆ ನಿಯಮ ಮುಕ್ತ ವ್ಯಾಪಾರಕ್ಕೆ ಅಡ್ಡಿ, ಕಿತ್ತುಹಾಕಿ ಎಂದಿತು. ಸ್ಪೇನಿನಲ್ಲಿ ಗದ್ದಲವೆದ್ದಿತು. ಅತ್ತ ಕೊಲಂಬಿಯಾದ ನೊಬೆಲ್ ಲೇಖಕ ಗಾರ್ಸಿಯಾ ಮಾರ್ಕೆಸ್ ಆ ಡೊಂಕು ಗೆರೆಯ ಪರ ನಿಂತರು. ನೆನಪಿಡಿ, ಅವರು ಬೇರೆ ದೇಶದವರು, ಭಾಷೆ ಮಾತ್ರ ಒಂದು. 1993ರಲ್ಲಿ ಸ್ಪೇನ್ ಸರ್ಕಾರ ಮಾಸ್‌ಟ್ರಿಕ್ಟ್ ಒಪ್ಪಂದದಲ್ಲಿದ್ದ ಸಂಸ್ಕೃತಿ ರಕ್ಷಣೆಯ ಮಾತನ್ನೇ ಹಿಡಿದು, ಆ ಅಕ್ಷರವನ್ನು ಕಾನೂನಿನಲ್ಲಿ ಉಳಿಸಿಕೊಂಡಿತು. ಎಂಟು ವರ್ಷ ಒಂದು ಅಕ್ಷರದ ಕಾವಲು!

ನಮ್ಮ ಸುತ್ತ ಈಗ ಇರುವುದು ಬಹಳಷ್ಟು ಸತ್ತ ಚಿಪ್‌ಗಳೇ. ಎಟಿಎಂ ಮುಂದೆ ನಿಂತರೆ 'ಕನ್ನಡ' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಎರಡು ಪರದೆ ಕನ್ನಡ, ಆಮೇಲೆ ರಸೀದಿ ಇಂಗ್ಲಿಷ್. ಆ್ಯಪ್ ತೆರೆದರೆ ಭಾಷೆಯ ಪಟ್ಟಿಯಲ್ಲಿ ಕನ್ನಡ ಇರುತ್ತದೆ. ಒಳಗೆ ಹೋಗಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದರೆ 'ಸರಿಯಾದ ಹೆಸರು ಕೊಡಿ' ಎಂದು ಕೆಂಪು ಅಕ್ಷರದಲ್ಲಿ ಗದರುತ್ತದೆ, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹುಡುಕಿದರೆ 'ಏನೂ ಸಿಗಲಿಲ್ಲ'. ಪೆಟ್ಟಿಗೆಯ ಮೇಲೆ 72 ಎಂದು ಬರೆದಿದೆ, ಒಳಗೆ ಕೆಲಸ ಮಾಡುವುದು 64. 'ಕನ್ನಡ ಲಭ್ಯ' ಎಂಬ ಬೋರ್ಡಿಗೆ ನಾವೇ ಚಪ್ಪಾಳೆ ತಟ್ಟಿ, ಸನ್ಮಾನ ಮಾಡಿ, ಶಾಲು ಹೊದಿಸಿ ಬಂದಿರುತ್ತೇವೆ.

ಆದ್ದರಿಂದ ಇನ್ನು ಮೇಲೆ 'ಕನ್ನಡ ಬೇಕು' ಎಂದಷ್ಟೇ ಕೂಗಿ ಬರಬೇಡಿ. ಅಷ್ಟು ಕೇಳಿದರೆ ಅಷ್ಟೇ ಸಿಗುತ್ತದೆ, ಒಂದು ಗುಂಡಿ. ಕೀಲಿ ಕೇಳಿ, ಆ ಕೀಲಿ ಒತ್ತಿದರೆ ಏನಾಗಬೇಕು ಎಂಬುದನ್ನೂ ಕಾಗದದಲ್ಲಿ ಬರೆದು ಕೇಳಿ. ನಿಮ್ಮಲ್ಲಿ ಎಷ್ಟೋ ಜನ ತಂತ್ರಾಂಶ ಕಂಪನಿಗಳಲ್ಲೇ ದುಡಿಯುತ್ತಿದ್ದೀರಿ. ಜಾಗ ಕಡಿಮೆ, ಸಮಯ ಕಡಿಮೆ, ಯಾವುದನ್ನು ಕೈಬಿಡೋಣ ಎಂದು ಚರ್ಚೆ ನಡೆಯುವ ಮೇಜಿನ ಸುತ್ತ ನೀವೇ ಕೂತಿರುತ್ತೀರಿ. ಆ 21ರಲ್ಲಿ ಎರಡನ್ನು ಕಿತ್ತ ಮೇಜು ಅದೇ. ಅಲ್ಲಿ ಬಾಯಿ ಬಿಡಿ.

ಮಿಕ್ಕವರು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಎಟಿಎಂನಲ್ಲಿ ಕನ್ನಡದ ಗುಂಡಿ ಒತ್ತಿ ನೂರು ರೂಪಾಯಿ ತೆಗೆಯಿರಿ. ರಸೀದಿ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಹರಿದು ಬಿಸಾಡದೆ ಜೇಬಿನಲ್ಲಿಟ್ಟುಕೊಂಡು ನೇರವಾಗಿ ಶಾಖೆಯ ಒಳಗೆ ಹೋಗಿ. ದಿನಾಂಕ, ಯಂತ್ರದ ನಂಬರು ನಮೂದಿಸಿ ಕನ್ನಡದಲ್ಲೇ ದೂರು ಬರೆದುಕೊಡಿ. ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.